ಟ್ಯಾಬ್ ಬೇಡ ಮೇಡಂ, ಒಂದು ಮೊಬೈಲು ಮತ್ತು ರಟ್ಟಿನ ಕಾರ್ಡಿನಿಂದ ಶುರು ಮಾಡಿ

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ಕಲಿಸುತ್ತೇನೆ. ಎರಡೂ ತರಗತಿ ಸೇರಿ 31 ಮಕ್ಕಳು. ಈಚೆಗೆ ದಾವಣಗೆರೆಗೆ ತರಬೇತಿಗೆ ಹೋದಾಗ ಒಬ್ಬ ಶಿಕ್ಷಕಿ ಎಲ್ಲರ ಕೈಗೂ ಕಪ್ಪು-ಬಿಳಿ ಚಿತ್ರದ ಕಾರ್ಡು ಕೊಟ್ಟು, ತಮ್ಮ ಮೊಬೈಲಿನಿಂದ ಸ್ಕ್ಯಾನ್ ಮಾಡಿ, ಯಾರ ಉತ್ತರ ಏನು ಅಂತ ಅಲ್ಲೇ ತೋರಿಸಿದರು. ನೋಡಿ ಆಶ್ಚರ್ಯವಾಯಿತು. ಇಷ್ಟು ದಿನ ಇದು ಗೊತ್ತೇ ಇರಲಿಲ್ಲವಲ್ಲ ಅನ್ನಿಸಿತು. ಈಗ ಹಳೆ ವಿದ್ಯಾರ್ಥಿಗಳು ಶಾಲೆಗೆ ಸ್ವಲ್ಪ ದೇಣಿಗೆ ಕೊಡುತ್ತೇವೆ ಅಂದಿದ್ದಾರೆ. ಎಚ್‌ಎಂ (ಮುಖ್ಯ ಶಿಕ್ಷಕರು) ಸರ್ ಟ್ಯಾಬ್ ತರೋಣ ಅನ್ನುತ್ತಾರೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಸ್ಮಾರ್ಟ್ ಬೋರ್ಡ್ ಅನ್ನುತ್ತಾರೆ. ಶಾಲೆಯಲ್ಲಿ ಒಂದು ಟಿವಿ ಇದೆ, ಕರೆಂಟು ಆಗಾಗ ಹೋಗುತ್ತದೆ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ದುಡ್ಡು ಕೈಗೆ ಬರುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಸಾಮಾನ್ಯವಾಗಿ ಪೆಟ್ಟಿಗೆಗಳು ಶಾಲೆಗೆ ಬಂದು, ಪೂಜೆ ಆಗಿ, ಫೋಟೊ ತೆಗೆಸಿಕೊಂಡು, ಆಮೇಲೆ ತಿಂಗಳುಗಟ್ಟಲೆ ಬೀರುವಿನಲ್ಲಿ ಕೂತ ಮೇಲೆ ನನಗೆ ಈ ಪ್ರಶ್ನೆ ಬರುತ್ತದೆ.

ನೇರವಾಗಿ ಹೇಳುತ್ತೇನೆ. ಟ್ಯಾಬ್ ಬೇಡ. ಸ್ಮಾರ್ಟ್ ಬೋರ್ಡ್ ಸದ್ಯಕ್ಕೆ ಬೇಡ. ನೀವು ನೋಡಿಬಂದ ಆ ಕಾರ್ಡಿನಿಂದಲೇ ಶುರು ಮಾಡಿ. ಬರೀ ಇಷ್ಟೇ ಹೇಳಿದರೆ ಎಚ್‌ಎಂ ಸರ್ ಒಪ್ಪುವುದಿಲ್ಲ, ಅದಕ್ಕೆ ಕಾರಣಗಳನ್ನೂ ಬರೆಯುತ್ತೇನೆ. ಬೇಕಿದ್ದರೆ ಅವರಿಗೇ ಓದಲು ಕೊಡಿ.

ತರಗತಿಗೆ ಬರುವ ಯಾವುದೇ ಸಾಧನ ನೋಡಿದಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ. ಇದು ಮಗುವಿನ ತಲೆಯೊಳಗೆ ಏನು ನಡೀತಿದೆ ಅನ್ನುವುದನ್ನು ಶಿಕ್ಷಕರಿಗೆ ತೋರಿಸುತ್ತದೆಯಾ, ಅಥವಾ ಮಗುವಿಗೆ ಇನ್ನೊಂದಿಷ್ಟು ತೋರಿಸಿ ಸುಮ್ಮನಾಗುತ್ತದೆಯಾ? ಪಾಠ ತೋರಿಸುವುದಕ್ಕೆ ನೀವಿದ್ದೀರಿ, ಪುಸ್ತಕ ಇದೆ, ಕಪ್ಪು ಹಲಗೆ ಇದೆ, ಟಿವಿಯೂ ಇದೆ. ಇಲ್ಲದಿರುವುದು ವಾಪಸ್ ಬರುವ ದಾರಿ. 'ಅರ್ಥ ಆಯ್ತಾ?' ಅಂದರೆ 31 ಮಕ್ಕಳೂ ಒಟ್ಟಿಗೆ 'ಆಯ್ತು ಮಿಸ್' ಅನ್ನುತ್ತಾರೆ. ಕೈ ಎತ್ತಿ ಅಂದರೆ ದಿನಾ ಎತ್ತುವ ಅದೇ ಆರೇಳು ಮಕ್ಕಳು ಎತ್ತುತ್ತಾರೆ. ಉಳಿದವರ ವಿಷಯ ನಿಮಗೆ ಗೊತ್ತಾಗುವುದು ಪರೀಕ್ಷೆ ಪೇಪರ್ ತಿದ್ದುವಾಗ. ಅಷ್ಟರಲ್ಲಿ ಪಾಠ ಎರಡು ಮುಂದೆ ಹೋಗಿರುತ್ತದೆ.

ಟ್ಯಾಬ್ ವಿಚಾರಕ್ಕೆ ಬರೋಣ. ಪೆರು ದೇಶದಲ್ಲಿ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಲ್ಯಾಪ್‌ಟಾಪ್ ಅಂತ ದೊಡ್ಡ ಯೋಜನೆ ಮಾಡಿದ್ದರು, ಲಕ್ಷಗಟ್ಟಲೆ ಯಂತ್ರ ಹಂಚಿದರು. ಅಲ್ಲಿನ 319 ಹಳ್ಳಿ ಪ್ರಾಥಮಿಕ ಶಾಲೆಗಳನ್ನು ತೆಗೆದುಕೊಂಡು ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಗಣಿತದಲ್ಲೂ ಭಾಷೆಯಲ್ಲೂ ಕಲಿಕೆ ಹೆಚ್ಚಾದ ಗುರುತು ಸಿಗಲಿಲ್ಲ. ಯಂತ್ರ ಬಂದಿತ್ತು, ಆದರೆ ಪಾಠ ಮಾಡುವ ರೀತಿ ಮೊದಲಿನಂತೆಯೇ ಇತ್ತು.

ಹಾಗಂತ ಕಂಪ್ಯೂಟರಿನಿಂದ ಏನೂ ಆಗುವುದಿಲ್ಲ ಅಂತಲ್ಲ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳು ಕಲಿಕಾ ಕೇಂದ್ರಕ್ಕೆ ಬಂದು ಮೈಂಡ್‌ಸ್ಪಾರ್ಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅಭ್ಯಾಸ ಮಾಡುತ್ತಿದ್ದರು. ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಒಳ್ಳೆಯ ಪ್ರಗತಿ ಕಂಡಿತು. ಮಗು ಯಾವ ತರಗತಿಯಲ್ಲಿ ಕೂತಿದೆ ಅಂತ ಅದು ನೋಡುವುದಿಲ್ಲ, ಮಗುವಿಗೆ ನಿಜವಾಗಿ ಎಷ್ಟು ಬರುತ್ತದೆ ಅಂತ ಮೊದಲು ತಿಳಿದುಕೊಂಡು ಅಲ್ಲಿಂದ ಪ್ರಶ್ನೆ ಕೊಡುತ್ತದೆ. ಎರಡೂ ಕಡೆ ಮಕ್ಕಳ ಮುಂದೆ ಇದ್ದದ್ದು ಕಂಪ್ಯೂಟರೇ. ಮಗುವಿನ ಮಟ್ಟ ಹುಡುಕುವ ಕೆಲಸ ಒಂದು ಕಡೆ ಆಯಿತು, ಇನ್ನೊಂದು ಕಡೆ ಆಗಲಿಲ್ಲ. ನಿಮ್ಮ ಶಾಲೆಯಲ್ಲಿ ಆ ಕೆಲಸವನ್ನು ತುಂಬಾ ಕಡಿಮೆ ಖರ್ಚಿನಲ್ಲಿ ನೀವೇ ಮಾಡಬಹುದು.

ನೀವು ನೋಡಿದ್ದು ಬಹುಶಃ ಪ್ಲಿಕರ್ಸ್ ಅನ್ನುವ ಆ್ಯಪ್ ಮತ್ತು ಅದರ ಕಾರ್ಡು. ಪ್ರತಿ ಕಾರ್ಡಿನಲ್ಲೂ ಬೇರೆ ಬೇರೆ ಆಕಾರದ ಕಪ್ಪು ಚಿತ್ರ ಇರುತ್ತದೆ, ಅದೇ ಆ ಮಗುವಿನ ಗುರುತು. ನಾಲ್ಕು ಅಂಚಿನಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ ಅಂತ ಇರುತ್ತದೆ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ಕಾರ್ಡನ್ನು ತಿರುಗಿಸಿ ಹಿಡಿಯುತ್ತದೆ. ನೀವು ಮೊಬೈಲ್ ಕ್ಯಾಮೆರಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನಕ್ಕೆ ತಿರುಗಿಸಿದರೆ ಎಲ್ಲರ ಉತ್ತರವೂ ದಾಖಲಾಗುತ್ತದೆ. ಅಕ್ಷರ ಸಣ್ಣದು, ಚಿತ್ರ ಒಬ್ಬೊಬ್ಬರದು ಒಂದೊಂದು ಥರ. ಹಾಗಾಗಿ ಪಕ್ಕದವನದು ನೋಡಿ ಬರೆಯುವುದು ಕಷ್ಟ. ಯಾವ ಮಗುವಿಗೂ ಫೋನ್ ಬೇಕಿಲ್ಲ. ಸಾಮಾನ್ಯ ಸೆಟ್ಟಿನಲ್ಲಿ 40 ಕಾರ್ಡು ಇರುತ್ತವೆ, ನಿಮಗೆ ಧಾರಾಳ. ಉಚಿತ ಖಾತೆಯಲ್ಲೇ ನಿಮ್ಮ ಕೆಲಸ ಆಗುತ್ತದೆ, ಪ್ರಶ್ನೆಯನ್ನು ಕನ್ನಡದಲ್ಲೇ ಟೈಪ್ ಮಾಡಬಹುದು.

ಕಾರ್ಡು ಮಾಡಿಕೊಳ್ಳುವಾಗ ಕೆಲವು ಸಣ್ಣ ವಿಷಯ ಗಮನಿಸಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ದಪ್ಪ ರಟ್ಟಿಗೆ ಅಂಟಿಸಿ. ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಕಿಟಕಿ ಬೆಳಕು ಬಿದ್ದರೆ ಕ್ಯಾಮೆರಾಗೆ ಚಿತ್ರ ಕಾಣುವುದಿಲ್ಲ. ಮಕ್ಕಳ ಬೆನ್ನ ಹಿಂದೆ ಬಾಗಿಲೋ ಕಿಟಕಿಯೋ ಇದ್ದರೆ ಕೂರುವ ದಿಕ್ಕು ಬದಲಿಸಿ. ಕಪ್ಪು ಚಿತ್ರದ ಮೇಲೆ ಬೆರಳು ಬರದ ಹಾಗೆ ಅಂಚಿನಲ್ಲಿ ಹಿಡಿಯಲು ಕಲಿಸಿ. ಮೊದಲ ದಿನ ಪಾಠದ ಪ್ರಶ್ನೆಯೇ ಬೇಡ. 'ನಿಮಗೆ ಯಾವುದು ಇಷ್ಟ: ಮಂಡಕ್ಕಿ, ಬೆಣ್ಣೆ ದೋಸೆ, ಮಿರ್ಚಿ, ಪಡ್ಡು?' ಅಂತ ಕೇಳಿ ಕಾರ್ಡು ತಿರುಗಿಸುವುದು ರೂಢಿಯಾಗಲಿ. ಅಂದ ಹಾಗೆ, ಕಾರ್ಡು ಹಿಡಿದು ಕಲಿಯುವುದು ನಮ್ಮ ಮಕ್ಕಳಿಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿಕಲಿ ಕಲಿಕಾ ಪದ್ಧತಿ ಇಡೀ ನಡೆಯುವುದೇ ಕಾರ್ಡಿನ ಮೇಲೆ. ಮೂರನೇ ತರಗತಿವರೆಗೆ ಅದರಲ್ಲಿ ಬೆಳೆದ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ.

ಇಲ್ಲಿವರೆಗೂ ಸುಲಭ. ನಿಜವಾದ ಕೆಲಸ ಇರುವುದು ಪ್ರಶ್ನೆ ಬರೆಯುವುದರಲ್ಲಿ, ಅದರಲ್ಲೂ ತಪ್ಪು ಉತ್ತರಗಳನ್ನು ಬರೆಯುವುದರಲ್ಲಿ. ಇದರ ಬಗ್ಗೆ ತರಬೇತಿಗಳಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ಆ್ಯಪ್ ಹಾಕಿಕೊಳ್ಳುವುದು ಹೇಗೆ ಅಂತ ತೋರಿಸಿ ಊಟಕ್ಕೆ ಬಿಡುತ್ತಾರೆ. ಅದಕ್ಕೇ ಒಂದು ಲೆಕ್ಕ ತೆಗೆದುಕೊಂಡು ತೋರಿಸುತ್ತೇನೆ.

402ರಲ್ಲಿ 178 ಕಳೆಯಬೇಕು. ಸರಿ ಉತ್ತರ 224. ತಪ್ಪು ಆಯ್ಕೆಗೆ 225, 214, 300 ಅಂತ ಬಾಯಿಗೆ ಬಂದ ಸಂಖ್ಯೆ ಹಾಕಿದರೆ ಪ್ರಯೋಜನ ಇಲ್ಲ. ಮಗು ತಪ್ಪು ಮಾಡಿತು ಅಂತ ಗೊತ್ತಾಗುತ್ತದೆ, ಯಾಕೆ ಮಾಡಿತು ಅಂತ ಗೊತ್ತಾಗುವುದಿಲ್ಲ. ಅದರ ಬದಲು 376, 234, 580 ಹಾಕಿ ನೋಡಿ. 376 ಅಂದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 2 ಹೋದರೆ 6, 7ರಲ್ಲಿ 0 ಹೋದರೆ 7, 4ರಲ್ಲಿ 1 ಹೋದರೆ 3. ಮೇಲಿನದು ಕೆಳಗಿನದು ಅನ್ನುವ ಯೋಚನೆಯೇ ಅದಕ್ಕಿಲ್ಲ. 234 ಅಂದ ಮಗು ಇನ್ನೂ ಮುಂದೆ ಬಂದಿದೆ. ನೂರರ ಸ್ಥಾನದಿಂದ ತಂದು ಸೊನ್ನೆಯನ್ನು ಹತ್ತು ಮಾಡಿಕೊಂಡಿದೆ, ಅದರಿಂದ ಒಂದನ್ನು ಬಿಡಿ ಸ್ಥಾನಕ್ಕೆ ಕೊಟ್ಟಿದೆ, ಆದರೆ ಕೊಟ್ಟ ಮೇಲೆ ಹತ್ತು ಒಂಬತ್ತಾಗಬೇಕು ಅನ್ನುವುದನ್ನು ಬಿಟ್ಟಿದೆ. 580 ಅಂದ ಮಗು ಕಳೆಯುವ ಬದಲು ಕೂಡಿದೆ. ಬಹುಶಃ ಅದಕ್ಕೆ ಲೆಕ್ಕವೇನೋ ಬರುತ್ತದೆ, ಗಮನ ಇರಲಿಲ್ಲ.

ಈಗ ಸ್ಕ್ಯಾನ್ ಮಾಡಿದಾಗ ನಿಮಗೆ ಸಿಗುವುದು ಅಂಕ ಅಲ್ಲ, ಮಕ್ಕಳ ಗುಂಪು. 376ರ ಗುಂಪನ್ನು ನೆಲಕ್ಕೆ ಕೂರಿಸಿ ನೂರು, ಹತ್ತು, ಒಂದರ ಆಟದ ನೋಟು ಕೊಡಿ. 'ನಿನ್ನ ಹತ್ರ 402 ರೂಪಾಯಿ ಇದೆ, ನನಗೆ 178 ಕೊಡು' ಅನ್ನಿ. ಎರಡು ಒಂದರ ನೋಟು ಹಿಡಿದುಕೊಂಡು ಎಂಟು ಕೊಡಬೇಕಾದಾಗ ಮಗು ನಿಲ್ಲುತ್ತದೆ, ಚಿಲ್ಲರೆ ಮಾಡಿಸಬೇಕು ಅಂತ ಅದಕ್ಕೇ ಹೊಳೆಯುತ್ತದೆ. 234ರ ಗುಂಪಿಗೆ ಇಷ್ಟೆಲ್ಲ ಬೇಕಿಲ್ಲ. ನೂರನ್ನು ಹತ್ತು ಹತ್ತರ ನೋಟು ಮಾಡಿಸಿ, ಅದರಲ್ಲಿ ಒಂದನ್ನು ಮತ್ತೆ ಚಿಲ್ಲರೆ ಮಾಡಿಸಿ, ಈಗ ಕೈಯಲ್ಲಿ ಹತ್ತರ ನೋಟು ಎಷ್ಟು ಉಳಿಯಿತು ಅಂತ ಎಣಿಸಿದರೆ ಸಾಕು. 580ರವರು ಲೆಕ್ಕದ ಚಿಹ್ನೆಗೆ ಒಂದು ಸುತ್ತು ಹಾಕಿ ಮತ್ತೊಮ್ಮೆ ಮಾಡಲಿ. ಮೂವರಿಗೂ ಒಂದೇ ವಿವರಣೆಯನ್ನು ಬೋರ್ಡಿನ ಮೇಲೆ ಮತ್ತೊಂದು ಸಲ ಹೇಳಿದ್ದರೆ ಯಾರಿಗೂ ತಾಗುತ್ತಿರಲಿಲ್ಲ, ಅಲ್ವಾ?

ಪರಿಸರ ಅಧ್ಯಯನಕ್ಕೂ ಹೀಗೇ. ತಂತಿ ಮೇಲೆ ಹಾಕಿದ ಬಟ್ಟೆ ಒಣಗಿತು, ನೀರು ಎಲ್ಲಿ ಹೋಯಿತು? ಬಟ್ಟೆಯೊಳಗೆ ಇಂಗಿತು, ಸೂರ್ಯ ಕುಡಿದ, ಆವಿಯಾಗಿ ಗಾಳಿಗೆ ಸೇರಿತು, ಇಲ್ಲವಾಗಿ ಹೋಯಿತು. ಈ ನಾಲ್ಕೂ ಮಕ್ಕಳು ನಿಜವಾಗಿ ಯೋಚಿಸುವ ಉತ್ತರಗಳೇ. ಜಲಚಕ್ರದ ಚಿತ್ರವನ್ನು ಅಚ್ಚುಕಟ್ಟಾಗಿ ಬಿಡಿಸಿ ಪೂರ್ತಿ ಅಂಕ ತಗೊಂಡ ಮಗುವೂ 'ಇಲ್ಲವಾಯಿತು' ಅನ್ನುವುದಕ್ಕೆ ಕಾರ್ಡು ಎತ್ತಬಹುದು. ಇಂಥ ಪ್ರಶ್ನೆ ಎಲ್ಲಿಂದ ತರಲಿ ಅಂದರೆ, ನಿಮ್ಮ ಮಕ್ಕಳ ಹಳೇ ನೋಟ್‌ಬುಕ್ ಮತ್ತು ಪರೀಕ್ಷೆ ಪೇಪರ್‌ಗಳಿಂದ. ಅಲ್ಲಿರುವ ತಪ್ಪುಗಳೇ ನಿಮ್ಮ ಆಯ್ಕೆಗಳು. ಬೇರೆಯವರ ರೆಡಿಮೇಡ್ ಪ್ರಶ್ನೆ ಸೆಟ್ಟುಗಳಿಗಿಂತ ಇದು ಎಷ್ಟೋ ಮೇಲು.

ಒಂದು ಪಾಠಕ್ಕೆ ಮೂರು ಪ್ರಶ್ನೆ ಸಾಕು. ಹತ್ತು ಕೇಳಿದರೆ ಅದು ಕಿರುಪರೀಕ್ಷೆ ಆಗುತ್ತದೆ, ಮಕ್ಕಳು ಹೆದರುತ್ತಾರೆ. ಅಂಕಪಟ್ಟಿಗೆ ಇದನ್ನು ಸೇರಿಸಲೇಬೇಡಿ. ಸೇರಿಸಿದ ದಿನದಿಂದ ಮಗು ತನಗೆ ಅನ್ನಿಸಿದ್ದನ್ನು ಬಿಟ್ಟು ನಿಮಗೆ ಬೇಕಾದದ್ದನ್ನು ಊಹಿಸಲು ಶುರು ಮಾಡುತ್ತದೆ. ಹೆಸರಿನ ಪಕ್ಕ ಹಸಿರು-ಕೆಂಪು ಬಣ್ಣ ಬರುವ ಪುಟವನ್ನು ಟಿವಿಗೆ ಹಾಕಬೇಡಿ, ಅದು ನಿಮ್ಮ ಮೊಬೈಲಿನಲ್ಲೇ ಇರಲಿ. ಎಲ್ಲರ ಮುಂದೆ ಕೆಂಪು ಬಂದ ಮಗು ಮಾರನೇ ದಿನ ಪಕ್ಕದವನ ಕಾರ್ಡು ಎತ್ತ ತಿರುಗಿದೆ ಅಂತ ಇಣುಕಿ ನೋಡಲು ಶುರು ಮಾಡುತ್ತದೆ.

ಇನ್ನೊಂದು ವಿಧಾನ ಹೇಳಲೇಬೇಕು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜುರ್ 1990ರ ದಶಕದ ಆರಂಭದಿಂದ ಇದನ್ನು ಬೆಳೆಸಿದರು. ಪ್ರಶ್ನೆ ಕೇಳಿ, ಎಲ್ಲರೂ ಒಬ್ಬೊಬ್ಬರೇ ಉತ್ತರ ಆರಿಸಲಿ, ಸರಿ ಉತ್ತರ ಯಾವುದು ಅಂತ ಹೇಳದೆ 'ಪಕ್ಕದವರಿಗೆ ನಿಮ್ಮ ಉತ್ತರ ಯಾಕೆ ಸರಿ ಅಂತ ಒಪ್ಪಿಸಿ' ಅನ್ನಿ, ಆಮೇಲೆ ಮತ್ತೆ ಅದೇ ಪ್ರಶ್ನೆಗೆ ಉತ್ತರ ತೆಗೆದುಕೊಳ್ಳಿ. ಮೊದಲ ಸುತ್ತಿನಲ್ಲಿ ನೂರಕ್ಕೆ 30ರಿಂದ 70ರಷ್ಟು ಮಂದಿ ಸರಿ ಹೇಳಿದಾಗ ಈ ಚರ್ಚೆ ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ನೀವೇ ಮತ್ತೆ ಕಲಿಸಬೇಕು, ಜಾಸ್ತಿ ಇದ್ದರೆ ಮುಂದೆ ಹೋಗಬಹುದು. ಅಲ್ಲಿ ದೊಡ್ಡ ಕಾಲೇಜು ಹುಡುಗರು, ಇಲ್ಲಿ ಐದನೇ ತರಗತಿ ಮಕ್ಕಳು, ನಿಜ. ಆದರೆ 'ಚಿಲ್ಲರೆ ಮಾಡ್ಸಿದ್ಮೇಲೆ ಒಂಬತ್ತೇ ಉಳಿಯೋದು ಕಣೋ' ಅಂತ ಒಂದು ಮಗು ಇನ್ನೊಂದಕ್ಕೆ ತನ್ನ ಮಾತಿನಲ್ಲಿ ಹೇಳುವುದು ನಾವು ಹೇಳುವುದಕ್ಕಿಂತ ಬೇಗ ಒಳಗೆ ಇಳಿಯುತ್ತದೆ. ಮನೆಯಲ್ಲಿ ಲಂಬಾಣಿಯೋ ತೆಲುಗೋ ಉರ್ದುವೋ ಮಾತಾಡುವ ಮಕ್ಕಳು ಈ ಚರ್ಚೆಯನ್ನು ತಮ್ಮ ಭಾಷೆಯಲ್ಲೇ ಮಾಡಿಕೊಳ್ಳಲಿ, ತಡೆಯಬೇಡಿ.

ನೆಟ್‌ವರ್ಕ್ ಇಲ್ಲದ ದಿನ ಏನು ಮಾಡುವುದು? ಸ್ಲೇಟು ಇದೆಯಲ್ಲ. ಎ, ಬಿ, ಸಿ, ಡಿ ದೊಡ್ಡದಾಗಿ ಬರೆದು, 'ಒಂದು, ಎರಡು, ಮೂರು' ಅಂದಾಗ ಎಲ್ಲರೂ ಒಟ್ಟಿಗೆ ಎತ್ತಲಿ. ದಾಖಲೆ ಉಳಿಯುವುದಿಲ್ಲ, ಉಳಿದ ಲಾಭ ಎಲ್ಲ ಸಿಗುತ್ತದೆ. ಮಜುರ್ ತರಗತಿಯಲ್ಲೂ ಯಂತ್ರ ಬರುವ ಮೊದಲು ಕೈ ಎತ್ತಿಸುವುದೇ ಇತ್ತು. ದಾಖಲೆಯ ಉಪಯೋಗ ಮಾತ್ರ ಕಡಿಮೆ ಅಂದುಕೊಳ್ಳಬೇಡಿ. ನಿಮ್ಮ ಕಡೆ ಕೆಲವು ಕುಟುಂಬಗಳು ಕೆಲಸ ಹುಡುಕಿಕೊಂಡು ಮಲೆನಾಡಿನ ಕಾಫಿ ತೋಟಗಳಿಗೆ ಹೋಗಿ ಬರುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ವಾಪಸ್ ಬಂದ ಮಗುವಿಗೆ ಎಲ್ಲಿಂದ ಹಿಡಿಯಬೇಕು ಅನ್ನುವಾಗ ಅದರ ಕಾರ್ಡು ಕೊನೆಗೆ ಏನು ಹೇಳಿತ್ತು, ಆಮೇಲೆ ತರಗತಿ ಯಾವ ಪ್ರಶ್ನೆಗಳನ್ನು ದಾಟಿತು ಅನ್ನುವುದು ಒಂದೇ ಕಡೆ ಸಿಗುತ್ತದೆ.

ಒಂದರಿಂದ ಮೂರನೇ ತರಗತಿಯವರೂ ಕೇಳಬಹುದು, ನಮಗೇನು ಅಂತ. ಅವರಿಗೆ ಈ ಕಾರ್ಡು ಬೇಡ. ಅಲ್ಲಿ ಮೊಬೈಲಿನ ವಾಯ್ಸ್ ರೆಕಾರ್ಡರ್ ಸಾಕು. ತಿಂಗಳಿಗೊಮ್ಮೆ ಪ್ರತಿ ಮಗುವಿನ ಓದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ಜುಲೈ ತಿಂಗಳದ್ದು ಮತ್ತು ನವೆಂಬರಿನದ್ದು ಒಟ್ಟಿಗೆ ಕೇಳಿದಾಗ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುವ ಮಗು ಯಾವುದು, ಅಕ್ಷರ ಕೂಡಿಸಿ ಓದುತ್ತದೆ ಆದರೆ ಅರ್ಥ ಹಿಡಿಯುತ್ತಿಲ್ಲ ಅನ್ನುವ ಮಗು ಯಾವುದು ಅಂತ ಸ್ಪಷ್ಟವಾಗುತ್ತದೆ. ಅದನ್ನು ಆ ಮಗುವಿಗೇ ಕೇಳಿಸಿ, ಅಮ್ಮ-ಅಪ್ಪ ಬಂದಾಗ ಅವರಿಗೂ ಕೇಳಿಸಿ. ಅಂಕಪಟ್ಟಿ ಓದಲು ಬಾರದ ತಾಯಿಗೂ ತನ್ನ ಮಗಳು ಎಷ್ಟು ಮುಂದೆ ಬಂದಿದ್ದಾಳೆ ಅಂತ ಇದರಲ್ಲಿ ತಿಳಿಯುತ್ತದೆ. ನನಗೆ ತುಂಬಾ ಇಷ್ಟವಾದ ಉಪಯೋಗ ಇದು.

ಇರುವ ಟಿವಿಯನ್ನು ಹೀಗೆ ಬಳಸಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಾಠದ ವಿಡಿಯೊ ಸಿಗುತ್ತದೆ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಪೂರ್ತಿ ಓಡಿಸಬೇಡಿ. ಮಧ್ಯೆ ನಿಲ್ಲಿಸಿ 'ಮುಂದೆ ಏನಾಗುತ್ತದೆ?' ಅಂತ ಕಾರ್ಡು ಎತ್ತಿಸಿ, ಆಮೇಲೆ ಮುಂದುವರಿಸಿ. ಭಿನ್ನರಾಶಿಗೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಚಟುವಟಿಕೆಗಳು ಬಹಳ ಚೆನ್ನಾಗಿವೆ, ಉಚಿತ, ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ. ಓದಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್ ಇದೆ. 2015ರಿಂದ ಇದೆ, ಕನ್ನಡ ಕಥೆಗಳು ಸಾಕಷ್ಟಿವೆ, ಟಿವಿಯಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ ಎಲ್ಲರೂ ಒಟ್ಟಿಗೆ ಓದಬಹುದು. ಅಲ್ಲೇ ಸ್ವಂತ ಪುಸ್ತಕವನ್ನೂ ಮಾಡಬಹುದು. ಚಿತ್ರದುರ್ಗದ ಕೋಟೆಗೋ ಚಂದ್ರವಳ್ಳಿಗೋ ಪ್ರವಾಸ ಹೋಗಿಬಂದ ಮೇಲೆ ಮಕ್ಕಳೇ ಬರೆದದ್ದನ್ನು ಪುಸ್ತಕ ಮಾಡಿ ಟಿವಿಯಲ್ಲಿ ಓದಿಸಿ ನೋಡಿ.

ಮಕ್ಕಳ ಮಾಹಿತಿ ಬಗ್ಗೆ ಒಂದು ಮಾತು. ಪ್ಲಿಕರ್ಸ್‌ನಲ್ಲಿ ಪೂರ್ತಿ ಹೆಸರು, ತಂದೆ ಹೆಸರು, ಜನ್ಮದಿನಾಂಕ ಯಾವುದೂ ಹಾಕಬೇಡಿ. ಕಾರ್ಡು ನಂಬರೇ ಸಾಕು, ಯಾವ ನಂಬರ್ ಯಾರದು ಅನ್ನುವುದು ನಿಮ್ಮ ನೋಟ್‌ಬುಕ್ಕಿನಲ್ಲಿರಲಿ. ಓದಿನ ರೆಕಾರ್ಡಿಂಗ್ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಮುಖ್ಯ. ಪೋಷಕರ ಸಭೆಯಲ್ಲಿ ಏನು ಮಾಡುತ್ತಿದ್ದೀರಿ ಅಂತ ಹೇಳಿ ಸಹಿ ತಗೊಳ್ಳಿ.

ಉಳಿದದ್ದು ದೇಣಿಗೆ. ನನ್ನನ್ನು ಕೇಳಿದರೆ ಮೊದಲು ಟಿವಿ ಮತ್ತು ಲ್ಯಾಪ್‌ಟಾಪ್ ಎಳೆಯುವಷ್ಟು ಸಾಮರ್ಥ್ಯದ ಒಂದು ಯುಪಿಎಸ್, ಆಮೇಲೆ ಒಂದು ಸಾಧಾರಣ ಲ್ಯಾಪ್‌ಟಾಪ್, ಶಾಲೆಯ ಹೆಸರಲ್ಲಿ ಒಂದು ಮೊಬೈಲು, ಒಂದು ವರ್ಷದ ಡೇಟಾ. ನಿಮ್ಮ ಸ್ವಂತ ಫೋನು, ಸ್ವಂತ ಡೇಟಾ ಖರ್ಚು ಮಾಡಿಕೊಂಡು ಇದನ್ನೆಲ್ಲ ನಡೆಸಬೇಕಾಗಿಲ್ಲ. ಮಿಕ್ಕ ದುಡ್ಡನ್ನು ಬ್ಯಾಂಕಿನಲ್ಲಿಡಿ, ಬ್ಯಾಟರಿ ಬದಲಿಸುವ ದಿನ ಬಂದೇ ಬರುತ್ತದೆ.

ಯಾರಾದರೂ ಸ್ಮಾರ್ಟ್ ಬೋರ್ಡ್ ಮಾರಲು ಬಂದರೆ ಅಧ್ಯಕ್ಷರ ಮುಂದೆಯೇ ಇಷ್ಟು ಕೇಳಿ. ಪಾಠಗಳು ನಮ್ಮ ಕನ್ನಡ ಮಾಧ್ಯಮ ಪುಸ್ತಕಕ್ಕೆ ಹೊಂದುತ್ತವೆಯಾ, ಬರೀ ಇಂಗ್ಲಿಷ್ ಪಾಠಕ್ಕೆ ಕನ್ನಡ ದನಿ ಸೇರಿಸಿದ್ದಾರಾ? ನೆಟ್ ಇಲ್ಲದೆ ಏನೇನು ನಡೆಯುತ್ತದೆ? ಎರಡನೇ ವರ್ಷ ಎಷ್ಟು ಕಟ್ಟಬೇಕು, ಕಟ್ಟದಿದ್ದರೆ ಬೋರ್ಡ್ ಕೆಲಸ ಮಾಡುತ್ತದೆಯಾ? ಕೆಟ್ಟರೆ ದಾವಣಗೆರೆಯಿಂದ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ? ಉತ್ತರಗಳನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ. ಕೊಡಲು ಹಿಂದೆಮುಂದೆ ನೋಡಿದರೆ ಅಧ್ಯಕ್ಷರಿಗೂ ವಿಷಯ ಅರ್ಥವಾಗುತ್ತದೆ.

ಎಚ್‌ಎಂ ಸರ್ ಅವರನ್ನು ಒಂದು ದಿನ ನಿಮ್ಮ ತರಗತಿಗೆ ಕರೆದು, 402ರ ಲೆಕ್ಕ ಕೇಳಿ, ಸ್ಕ್ಯಾನ್ ಆದ ಪಟ್ಟಿಯನ್ನು ಅವರ ಕೈಗೆ ಕೊಡಿ. ಟ್ಯಾಬ್ ಬೇಕೋ ಬೇಡವೋ ಅನ್ನುವ ಮಾತನ್ನು ಆಮೇಲೆ ಆಡೋಣ. ಅಷ್ಟರಲ್ಲಿ ನಿಮ್ಮ ಮೊದಲ ಐದು ಪ್ರಶ್ನೆ ಬರೆದು, ಪ್ರತಿ ತಪ್ಪು ಆಯ್ಕೆಯ ಪಕ್ಕ ಮಗು ಯಾಕೆ ಹಾಗೆ ಯೋಚಿಸುತ್ತದೆ ಅಂತ ಒಂದು ಸಾಲು ಸೇರಿಸಿ ನನಗೆ ಕಳಿಸಿ. ಎಲ್ಲಿ ಸರಿಮಾಡಬೇಕು ಅಂತ ನೋಡಿ ಹೇಳುತ್ತೇನೆ.